ಕಾಕಾನ ಜಾವಾಕ್ಕೆ ಬೆಲೆ ಕಟ್ಟಲು ಹೋಗಿ

ಗುಜರಿಯವನು 4,000 ರೂಪಾಯಿ ಅಂದ. ಮಿರಜದ ಹಳೇ ಗಾಡಿ ವ್ಯಾಪಾರಿ ಮೊಬೈಲಿನಲ್ಲಿ ಫೋಟೋ ನೋಡಿಯೇ 25,000 ಅಂದ. ಬೆಂಗಳೂರಿನ ಹುಡುಗನೊಬ್ಬ ಕಾಗದಪತ್ರ ಸರಿ ಇದ್ದರೆ 60,000 ಕೊಡುತ್ತೇನೆ, ನಾನೇ ಬಂದು ಒಯ್ಯುತ್ತೇನೆ ಅಂದ. ಮೂವರೂ ನೋಡಿದ್ದು ಒಂದೇ ಗಾಡಿಯನ್ನು. ಕುಡಚಿಯ ನಮ್ಮ ತೋಟದ ಶೆಡ್ಡಿನಲ್ಲಿ, ಕಬ್ಬಿನ ರವದಿಯ ಹಿಂದೆ, ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿದ್ದ ಕಾಕಾನ 1968ರ ಜಾವಾ. ನಮ್ಮ ಕಡೆ ಮೋಟರ್‌ಸೈಕಲ್ಲಿಗೆ ಫಟಫಟಿ ಅಂತಾರೆ. ಇದು ಫಟಫಟ ಅಂದದ್ದನ್ನು ನಾನಂತೂ ಕೇಳಿಲ್ಲ.

ಕಾಕಾ ತೀರಿಕೊಂಡ ಮೇಲೆ ಹೊಲ, ಮನೆ, ಬಾವಿ ಎಲ್ಲ ಪಾಲಾದವು. ಗಾಡಿ ಒಂದು ಉಳಿಯಿತು. ದೊಡ್ಡ ಮಗನಿಗೆ ಮಾರುವ ಅವಸರ, ಸಣ್ಣವನಿಗೆ ಇಟ್ಟುಕೊಳ್ಳುವ ಆಸೆ. ಇಟ್ಟುಕೊಳ್ಳುವವನು ಇನ್ನೊಬ್ಬನಿಗೆ ಅರ್ಧ ಬೆಲೆ ಕೊಡಬೇಕು. ಆದರೆ ಯಾವ ಬೆಲೆಯ ಅರ್ಧ? ‘ತಮ್ಮಾ, ನೀ ಪೇಪರಿನ ಮಂದಿ, ಇದರ ಖರೇ ಕಿಮ್ಮತ್ತು ಎಷ್ಟಂತ ನೋಡು’ ಎಂದು ನನ್ನ ಕೊರಳಿಗೆ ಕಟ್ಟಿದರು.

ನಾನು ಮೊದಲು ಹಿಡಿದದ್ದು ವಿಮೆಯ ಲೆಕ್ಕ. ಹೊಸ ಗಾಡಿಯ ಬೆಲೆಯಲ್ಲಿ ಮೊದಲ ಆರು ತಿಂಗಳಿಗೆ ಶೇ. 5, ವರ್ಷದೊಳಗೆ ಶೇ. 15, ಹೀಗೆ ಏರುತ್ತ ನಾಲ್ಕು ವರ್ಷ ದಾಟಿ ಐದರೊಳಗೆ ಬಂದರೆ ಶೇ. 50 ಸವಕಳಿ ಕಳೆಯುತ್ತಾರೆ. ಐದು ವರ್ಷದ ಆಚೆಗೆ ಕೋಷ್ಟಕವೇ ಇಲ್ಲ. ಅಲ್ಲಿಂದ ಮುಂದೆ ವಿಮಾ ಕಂಪನಿ ಮತ್ತು ಗಾಡಿಯ ಮಾಲೀಕ ಮಾತಾಡಿ ಒಪ್ಪಿದ್ದೇ ಬೆಲೆ. ಐವತ್ತು ದಾಟಿದ ಗಾಡಿಗೆ ಪುಸ್ತಕದಲ್ಲಿ ಉತ್ತರವಿಲ್ಲ ಎಂದಾಯಿತು. ಹಾಗಾಗಿ ಅದರ ಚರಿತ್ರೆಗೇ ಕೈ ಹಾಕಬೇಕಾಯಿತು.

ಜಾವಾ ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವ್ಯವಹಾರ ಕೊಂಡುಕೊಂಡ. ಎರಡು ಹೆಸರುಗಳ ಮೊದಲ ಎರಡೆರಡು ಅಕ್ಷರ ಸೇರಿ ಜಾವಾ ಆಯಿತು. ಅದು ನಮ್ಮ ಮೈಸೂರಿಗೆ ಬಂದದ್ದು ಲೈಸೆನ್ಸ್ ಕಾಲದಲ್ಲಿ. ಹೊರಗಿನಿಂದ ಗಾಡಿ ತರಿಸುವುದಕ್ಕೆ ಸರ್ಕಾರ ಬಾಗಿಲು ಹಾಕಿ, ಇಲ್ಲೇ ತಯಾರಿಸಿ ಎಂದಿತ್ತು. ಮದ್ರಾಸಿನಲ್ಲಿ ಎನ್‌ಫೀಲ್ಡ್ 1955ರಲ್ಲೇ ಶುರುವಾಗಿತ್ತು. ರುಸ್ತುಂ ಇರಾನಿ, ಫಾರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಕೆಲಸ ಆರಂಭಿಸಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಬೆಂಬಲ ಅದಕ್ಕಿತ್ತು. 250 ಸಿಸಿ, ಎರಡು ಸ್ಟ್ರೋಕ್, ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಸರಳೇ ಗೇರ್ ಹಾಕುವ ಸರಳು, ಅದೂ ಎಡಗಡೆ. ಹೊಸಬರು ಇದನ್ನು ಚಾಲೂ ಮಾಡಲು ಹೋಗಿ ಪೇಚಾಡುವುದನ್ನು ನೋಡುವುದೇ ಒಂದು ಮೋಜು.

1970ರ ದಶಕದ ಮೊದಲರ್ಧದಲ್ಲಿ ಹೆಸರು ಯೆಜ್ದಿ ಎಂದು ಬದಲಾಯಿತು. ಇರಾನಿ ಮನೆತನದ ಮೂಲ ಇರಾನಿನ ಯಜ್ದ್ ಪಟ್ಟಣ, ಅದರಿಂದ ಬಂದ ಹೆಸರು ಎನ್ನುತ್ತಾರೆ. ಚೆಕ್ ಭಾಷೆಯಲ್ಲಿ ಹೆಚ್ಚುಕಡಿಮೆ ಅದೇ ಉಚ್ಚಾರದ ಪದಕ್ಕೆ ‘ಸವಾರಿ ಮಾಡುತ್ತಾನೆ’ ಎಂಬ ಅರ್ಥವೂ ಇದೆ. 1978ರ ರೋಡ್‌ಕಿಂಗ್ ಹೆಸರು ಮಾಡಿತು. ಆಮೇಲೆ 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಎಣ್ಣೆ ಕಲಸುವ ಕಿರಿಕಿರಿ ಇಲ್ಲ, ಪೆಟ್ರೋಲ್ ಕುಡಿಯುವುದೂ ಕಡಿಮೆ. ಹೊಗೆ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಕಾಕಾ ಬಿಡಿಭಾಗ ಸಿಗುವುದಿಲ್ಲ ಎಂದು ಜಾವಾವನ್ನು ಶೆಡ್ಡಿಗೆ ತಳ್ಳಿದ್ದು ಅದರ ಬೆನ್ನಿಗೇ.

ಅಂದರೆ ಕಾರ್ಖಾನೆ ಸತ್ತದ್ದು ಗಾಡಿಯ ಬೆಲೆಯನ್ನು ಮೊದಲು ಇಳಿಸಿತು, ಆಮೇಲೆ ಏರಿಸಿತು. ಇನ್ನು ಮಾಡುವವರಿಲ್ಲ ಎಂದಾಗ ಉಳಿದದ್ದಕ್ಕೆ ಬೆಲೆ. ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಜಾವಾ-ಯೆಜ್ದಿ ದಿನ ಎಂದು ನೂರಾರು ಜನ ಸೇರುತ್ತಾರೆ. ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ 2018ರಲ್ಲಿ ಜಾವಾ ಹೆಸರನ್ನು, 2022ರಲ್ಲಿ ಯೆಜ್ದಿ ಹೆಸರನ್ನು ಮತ್ತೆ ರಸ್ತೆಗೆ ತಂದಿತು. ಹೊಸದರ ಜಾಹೀರಾತು ಹಳೆಯದರ ಬೆಲೆಯನ್ನೂ ಎತ್ತಿತು ಎಂಬುದು ನನ್ನ ಗುಮಾನಿ.

ಇಷ್ಟು ತಿಳಿದುಕೊಂಡು ರಾಯಬಾಗದ ಹಳೇ ಮಿಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಗಾಡಿಯ ಬಣ್ಣ, ಜಂಗು ಏನನ್ನೂ ನೋಡಲಿಲ್ಲ. ಮೊದಲು ಹ್ಯಾಂಡಲ್ ಕೆಳಗಿನ ಚಾಸಿ ನಂಬರ್, ಆಮೇಲೆ ಇಂಜಿನ್ ನಂಬರ್ ಅರಿವೆಯಿಂದ ತಿಕ್ಕಿ ನೋಡಿ, ಪುಸ್ತಕಕ್ಕೆ ತಾಳೆ ಹಾಕಿದರು. ಎರಡೂ ಕೂಡಿದವು. ‘ಅರ್ಧಾ ಕಿಮ್ಮತ್ತು ಇಲ್ಲೇ ಐತಿ’ ಅಂದರು. ಬೇರೆ ಗಾಡಿಯ ಇಂಜಿನ್ ಕೂರಿಸಿದ ಜಾವಾ ಎಷ್ಟೇ ಹೊಳೆಯಲಿ, ತಿಳಿದವರು ಕೈ ಹಚ್ಚುವುದಿಲ್ಲವಂತೆ. ಆಮೇಲೆ ನೋಡಿದ್ದು ಟಾಕಿ, ಮಡ್‌ಗಾರ್ಡ್, ಚೈನ್ ಕವರ್. ತಗಡು ಮೂಲದ್ದೇ ಆಗಿರಬೇಕು. ಇಂಜಿನ್ ಒಳಗಿನದನ್ನು ಲೇತ್ ಮೇಲೆ ತಿರುಗಿಸಿಕೊಳ್ಳಬಹುದು, ಆದರೆ ಆ ಕಾಲದ ಟಾಕಿ ಎಲ್ಲಿಂದ ತರುವುದು? ಲೇತಿಗೇನೂ ನಮ್ಮ ಸೀಮೆಯಲ್ಲಿ ಬರ ಇಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲೇ.

ಕಾರ್ಬ್ಯುರೇಟರ್ ಇರಲಿಲ್ಲ. ಒಂದು ಸೈಲೆನ್ಸರ್ ಕೊಳೆತು ಉದುರಿತ್ತು. ಚೈನ್ ಕವರ್ ಬಿಚ್ಚಿದರೆ ಒಳಗೆ ಹೊಳೆಯ ರಾಡಿ, ಒಣಗಿ ಇಟ್ಟಿಗೆಯಂತೆ ಕೂತಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ ಕುಡಚಿ-ಉಗಾರ ಸೇತುವೆ ಮುಳುಗಿಸಿ ತೋಟಕ್ಕೆ ನುಗ್ಗಿದ್ದಳಲ್ಲ, ಆಗಿನದು. ನಾವು ದನ, ಕಾಳು, ಟ್ರಂಕು ಸಾಗಿಸಿದ್ದೆವು. ಗಾಡಿಯ ನೆನಪು ಯಾರಿಗೂ ಆಗಿರಲಿಲ್ಲ.

ಮಿಸ್ತ್ರಿ ಬೀಡಿ ಹಚ್ಚಿ ಲೆಕ್ಕ ಹೇಳಿದರು. ಕ್ರ್ಯಾಂಕು, ಬೋರು-ಪಿಸ್ಟನ್ 12,000. ಕ್ರೋಮ್ 15,000. ಬಣ್ಣ 9,000. ಟೈರು, ವೈರಿಂಗು 9,000. ಇಲ್ಲದ ಸಾಮಾನು ಹುಡುಕಿ ತರಲು 10,000. ಒಟ್ಟು 55,000. ಹೀಗೆ ಎದ್ದು ನಿಂತ ಜಾವಾ 1,20,000ಕ್ಕೆ ಹೋದೀತು ಎಂಬುದು ಅವರ ಅಂದಾಜು. ಖರ್ಚು ಕಳೆದರೆ 65,000. ಬೆಂಗಳೂರಿನ ಹುಡುಗ 60,000 ಅಂದದ್ದು ಮೋಸದ ಮಾತಲ್ಲ ಎಂದು ಆಗ ಗೊತ್ತಾಯಿತು.

ಆದರೆ ಅವನು ‘ಕಾಗದ ಇದ್ದರೆ’ ಎಂದಿದ್ದ. ಆರ್‌ಸಿ ಪುಸ್ತಕ ಕಾಕಾನ ಟ್ರಂಕಿನಲ್ಲಿತ್ತು. ನಂಬರು ‘ಎಂವೈ’ ಎಂದು ಶುರುವಾಗುತ್ತದೆ, ಮೈಸೂರು ರಾಜ್ಯದ ನಂಬರು. 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮೂರು ಮೈಸೂರಿಗೆ ಸೇರಿ, 1973ರಲ್ಲಿ ಕರ್ನಾಟಕವಾಗುವ ನಡುವಿನ ಹದಿನೇಳು ವರ್ಷದ ಗುರುತು ಅದು. ಈಗಿನ ಚಿಕ್ಕೋಡಿ ಗಾಡಿಗಳಿಗೆ ಕೆಎ 23. ನೋಂದಣಿಯ ಅವಧಿ ಎಂದೋ ಮುಗಿದಿದೆ. ಇಪ್ಪತ್ತು ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕ 2025ರ ಆಗಸ್ಟಿನಿಂದ 2,000 ರೂಪಾಯಿ, ದಂಡ ಬೇರೆ. ಐವತ್ತು ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿದೆ. ಹಳೇ ನಂಬರೇ ಉಳಿಯುತ್ತದೆ, ಆದರೆ ಪ್ರದರ್ಶನ, ರ‍್ಯಾಲಿಗಳಿಗಷ್ಟೇ ಓಡಿಸಬೇಕು, ಸಂತೆಗೆ ಹೋಗುವಂತಿಲ್ಲ. ಏನೇ ಮಾಡಿದರೂ ಮೊದಲು ಗಾಡಿ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ಫಾರಂ 31.

ಫಾರಂ ತಂದು ಕಟ್ಟೆಯ ಮೇಲೆ ಕೂತು ಯಾರ ಹೆಸರು ಬರೆಯೋಣ ಎಂದು ಅಣ್ಣ-ತಮ್ಮ ವಾದಿಸುತ್ತಿದ್ದಾಗ ಕಾಕು ಒಳಗಿನಿಂದ ಬಂದಳು. ‘ಅದು ನಿಮ್ಮಪ್ಪ ಕೊಂಡದ್ದಲ್ಲೋ, ನಮ್ಮಪ್ಪ ಕೊಟ್ಟದ್ದು’ ಅಂದಳು. ‘ಫಟಫಟಿ ಬರಲಿಲ್ಲಂದ್ರ ಅಕ್ಷತಿ ಬೀಳೂದಿಲ್ಲ ಅಂದಿದ್ರು. ಎರಡು ಎಮ್ಮಿ, ಒಂದು ವರ್ಷದ ಬೆಲ್ಲದ ಪೆಂಟಿ ಮಾರಿ ತಂದ. ನನ್ನ ಒಂದ್ಸಲ ಹಿಂದ ಕುಂಡ್ರಿಸಿಕೊಂಡು ಮಾಯಕ್ಕನ ಜಾತ್ರಿಗೆ ಒಯ್ದಿದ್ರು, ಅಷ್ಟ.’

ಯಾರೂ ಮಾತಾಡಲಿಲ್ಲ. ಮೂರು ವಾರ ಗಾಡಿಯ ಬೆಲೆ ಹುಡುಕಿದ ನಾನು ಅದು ಮನೆಗೆ ಬಂದ ಬಗೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಆ ರಾತ್ರಿ ಕಾನೂನು ತೆಗೆದು ನೋಡಿದೆ. ವರದಕ್ಷಿಣೆ ನಿಷೇಧ ಕಾಯ್ದೆ ಜಾರಿಗೆ ಬಂದದ್ದು 1961ರ ಜುಲೈ 1ರಂದು, ಯಾದವಗಿರಿಯ ಕಾರ್ಖಾನೆ ಶುರುವಾದ ವರ್ಷವೇ. ಅದರ 6ನೇ ಕಲಂ ಹೇಳುವುದಿಷ್ಟು: ವರದಕ್ಷಿಣೆಯನ್ನು ಬೇರೆ ಯಾರೇ ಪಡೆದಿದ್ದರೂ ಅದನ್ನು ಆ ಹೆಣ್ಣುಮಗಳಿಗೆ ದಾಟಿಸಬೇಕು, ದಾಟಿಸುವವರೆಗೆ ಅವಳ ಪರವಾಗಿ ಇಟ್ಟುಕೊಂಡಿರಬೇಕು. ಮದುವೆಯ ಉಡುಗೊರೆಯನ್ನು ವರದಕ್ಷಿಣೆ ಎನ್ನಲಾಗದು ಎಂಬ ವಿನಾಯಿತಿ ಆಗಿನ ಕಾಯ್ದೆಯಲ್ಲಿತ್ತು. ಆದರೆ ಮದುವೆಗೆ ಪ್ರತಿಯಾಗಿ ಕೊಟ್ಟದ್ದಕ್ಕೆ ಆ ವಿನಾಯಿತಿ ಇಲ್ಲ. ಅಕ್ಷತೆ ಬೀಳೂದಿಲ್ಲ ಎಂಬ ಮಾತಿಗಿಂತ ಸ್ಪಷ್ಟವಾದ ಪ್ರತಿ ಇನ್ನೇನು? ಕೋರ್ಟಿನಲ್ಲಿ ಇದು ಇಂದು ನಿಲ್ಲುತ್ತದೋ ಬಿಡುತ್ತದೋ, ನಮ್ಮ ಕಟ್ಟೆಯ ಮೇಲೆ ನಿಂತಿತು.

ಫಾರಂ 31ರಲ್ಲಿ ಕಾಕುವಿನ ಹೆಸರು ಬರೆದೆವು. ಮಕ್ಕಳಿಬ್ಬರೂ ಒಪ್ಪಿಗೆಯ ಸಹಿ ಹಾಕಿದರು, ದೊಡ್ಡವನು ಸ್ವಲ್ಪ ಮುಖ ಗಂಟಿಕ್ಕಿಕೊಂಡೇ. ಸಣ್ಣವನು ‘ಅವ್ವಾ, ಮಾರಬ್ಯಾಡ, ನಾ ಮಾಡಸ್ತೀನಿ’ ಅಂದ. ಕಾಕು ಎಲಿ-ಅಡಿಕಿ ಚೀಲದಿಂದ ಜಾವಾದ ಕೀಲಿ ತೆಗೆದಳು. ಆಗಿನ ಜಾವಾಕ್ಕೆ ಮೊಳೆಯಂಥದೊಂದು ಕೀಲಿ ಇರುತ್ತಿತ್ತು. ಅದು ಕಳೆದಿದೆ ಎಂದು ನಾವು ಬೆಲೆಯಲ್ಲಿ ಆಗಲೇ ಐನೂರು ಕಳೆದಿದ್ದೆವು.

‘ಆ ಬೆಂಗಳೂರ ಹುಡುಗಗ ಫೋನ್ ಹಚ್ಚು’ ಅಂದಳು ನನಗೆ. ‘ಕೀಲಿ ಐತಿ ಅಂತ ಹೇಳು. ಅರವತ್ತಾರ ಮ್ಯಾಲ ಏನ್ ಕೊಡ್ತಾನ ಕೇಳು. ರೊಕ್ಕ ನನ್ನ ಖಾತೇಕ್ಕ ಬರಬೇಕು.’

ಸೋಮವಾರ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದುಕೊಂಡು ಚಿಕ್ಕೋಡಿಗೆ ಹೊರಟಿದ್ದೇವೆ. ಕಾಕುವೂ ಬರುತ್ತಾಳೆ, ಬಸ್ಸಿನಲ್ಲಿ.