ಮೋರಿಯ ಚಪ್ಪಡಿಯ ಮೇಲೆ ಮೂರು ಭಾಷೆ: ಕೊಲಂಬೊ ವಸ್ತುಸಂಗ್ರಹಾಲಯದ ಒಂದು ಕಲ್ಲು

ನಾನು ವೃತ್ತಿಯಿಂದ ಸಿವಿಲ್ ಇಂಜಿನಿಯರ್. ಇಪ್ಪತ್ತು ವರ್ಷದಿಂದ ರಸ್ತೆ, ಮೋರಿ, ಸೇತುವೆ, ಇದೇ ಕೆಲಸ. ಶಾಸನ ಓದೋದು ಆಮೇಲೆ ನಾನಾಗಿಯೇ ಹಚ್ಚಿಕೊಂಡ ಹುಚ್ಚು. ಈ ಎರಡೂ ಒಂದೇ ಕಲ್ಲಿನಲ್ಲಿ ಕೂಡಿದ್ದನ್ನು ನೋಡಿದ್ದು ಶ್ರೀಲಂಕಾದಲ್ಲಿ, ಕೊಲಂಬೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ.

ಮೊದಲು ಆ ಸಂಸ್ಥೆಯ ಹಿನ್ನೆಲೆ ನೋಡೋಣ. ವಸ್ತುಸಂಗ್ರಹಾಲಯ ಬೇಕು ಅಂತ ಒತ್ತಾಯಿಸುತ್ತಿದ್ದದ್ದು 1845ರಲ್ಲಿ ಶುರುವಾದ ರಾಯಲ್ ಏಷಿಯಾಟಿಕ್ ಸೊಸೈಟಿಯ ಸಿಲೋನ್ ಶಾಖೆ. ಅದನ್ನು ಆಗುಮಾಡಿದವನು 1872ರಲ್ಲಿ ಗವರ್ನರ್ ಆಗಿ ಬಂದ ವಿಲಿಯಂ ಗ್ರೆಗೊರಿ. ನಕ್ಷೆ ಲೋಕೋಪಯೋಗಿ ಇಲಾಖೆಯ ವಾಸ್ತುಶಿಲ್ಪಿ ಜೇಮ್ಸ್ ಸ್ಮಿದರ್ ಅವರದು, ಕಟ್ಟಿದವರು ಗುತ್ತಿಗೆದಾರ ವಾಪ್ಚಿ ಮರಿಕಾರ್. 1877ರ ಜನವರಿ 1ರಂದು ಬಾಗಿಲು ತೆರೆಯಿತು. ಬಹುಮಾನ ಏನು ಬೇಕು ಅಂತ ಗವರ್ನರ್ ಕೇಳಿದಾಗ, ಶುಕ್ರವಾರ ಮುಚ್ಚಿದರೆ ಸಾಕು ಅಂತ ಮರಿಕಾರ್ ಹೇಳಿದರು ಅನ್ನೋ ಕತೆ ಅಲ್ಲಿ ಈಗಲೂ ಚಾಲ್ತಿಯಲ್ಲಿದೆ.

ನಮ್ಮಂಥವರಿಗೆ ಮುಖ್ಯವಾದದ್ದು ಇನ್ನೊಂದಿದೆ. ದ್ವೀಪದ ಶಾಸನಗಳನ್ನೆಲ್ಲ ದಾಖಲಿಸೋಕೆ ಗ್ರೆಗೊರಿ ಪೌಲ್ ಗೋಲ್ಡ್‌ಸ್ಮಿಟ್ ಎಂಬ ಜರ್ಮನ್ ವಿದ್ವಾಂಸನನ್ನು ನೇಮಿಸಿದ್ದ. ಪಾಪ, ಆತ ಇಪ್ಪತ್ತೇಳು ತುಂಬುವ ಹೊತ್ತಿಗೆ, 1877ರಲ್ಲೇ ತೀರಿಕೊಂಡ. ಕೆಲಸ ಮುಂದುವರಿಸಿದ ಎಡ್ವರ್ಡ್ ಮ್ಯೂಲರ್ ಅವರ ಶಾಸನ ಸಂಪುಟ 1883ರಲ್ಲಿ ಹೊರಬಂತು.

ಹಾಗಂತ ಆ ಆಡಳಿತವನ್ನು ಪರೋಪಕಾರಿ ಅಂದುಕೊಳ್ಳಬೇಡಿ. ಅದೇ ಬ್ರಿಟಿಷರು ಕ್ಯಾಂಡಿ ದೊರೆಗಳ ಸಿಂಹಾಸನವನ್ನು ಇಂಗ್ಲೆಂಡಿಗೆ ಒಯ್ದಿದ್ದರು. ಅದು ವಾಪಸ್ ಬಂದದ್ದು 1934ರಲ್ಲಿ. ಈಗ ಇದೇ ಕಟ್ಟಡದಲ್ಲಿದೆ.

ಈಗ ನಮ್ಮ ಕಲ್ಲಿಗೆ ಬರೋಣ. 1911ರಲ್ಲಿ ದಕ್ಷಿಣ ತೀರದ ಗಾಲೆ ಊರಿನಲ್ಲಿ ಒಂದು ಮೋರಿಯ ಮೇಲೆ ಹಾಸುಗಲ್ಲಾಗಿ ಇದು ಬಿದ್ದಿತ್ತು. ಗುರುತಿಸಿದವನು ಒಬ್ಬ ಸರ್ಕಾರಿ ಇಂಜಿನಿಯರ್! 1913ರಲ್ಲಿ ವಸ್ತುಸಂಗ್ರಹಾಲಯದ್ದೇ ಪತ್ರಿಕೆ ‘ಸ್ಪೋಲಿಯಾ ಜೆಲಾನಿಕಾ’ದಲ್ಲಿ ಇದರ ಬಗ್ಗೆ ಬರೆದ ಇ. ಡಬ್ಲ್ಯು. ಪೆರೇರ ವಕೀಲರು, ಮುಂದೆ ಸ್ವಾತಂತ್ರ್ಯ ಹೋರಾಟದ ನಾಯಕರು. ಇಬ್ಬರದೂ ಹೊಟ್ಟೆಪಾಡು ಶಾಸನಶಾಸ್ತ್ರ ಅಲ್ಲ, ಗಮನಿಸಿ.

ಕಲ್ಲಿನ ಒಂದೇ ಮುಖದಲ್ಲಿ ಮೂರು ಪಾಠ. ಬಲಕ್ಕೆ ಚೀನೀ, ಎಡಕ್ಕೆ ಮೇಲೆ ತಮಿಳು, ಅದರ ಕೆಳಗೆ ಪಾರಸಿ. ಚೀನೀ ಪಾಠದ ಕಾಲ ಯೊಂಗ್ಲೆ ಚಕ್ರವರ್ತಿಯ 7ನೇ ವರ್ಷ, ಅಂದ್ರೆ 1409ರ ಫೆಬ್ರವರಿ. ನೌಕಾಧಿಪತಿ ಝೆಂಗ್ ಹೆ ಇದನ್ನು ಚೀನಾದಲ್ಲೇ ಕೆತ್ತಿಸಿ ಹಡಗಿನಲ್ಲಿ ತಂದ. ಮೂರೂ ಒಂದರ ಅನುವಾದ ಇನ್ನೊಂದು ಅಂದುಕೊಂಡರೆ ತಪ್ಪು. ಚೀನೀಯಲ್ಲಿ ಕಾಣಿಕೆ ಬುದ್ಧನಿಗೆ. ತಮಿಳಿನಲ್ಲಿ ತೇನವರೈ ನಾಯನಾರ್, ಅಂದ್ರೆ ದೇವಿನುವರದ ವಿಷ್ಣುವಿಗೆ. ಪಾರಸಿಯಲ್ಲಿ ಇಸ್ಲಾಮಿನ ನೆಲೆಯಲ್ಲಿ. ಕಾಣಿಕೆಯ ಪಟ್ಟಿ ಮಾತ್ರ ಹೆಚ್ಚುಕಡಿಮೆ ಒಂದೇ: ಚಿನ್ನ 1000, ಬೆಳ್ಳಿ 5000, ರೇಷ್ಮೆ, ಸುಗಂಧತೈಲ, ದೀಪ. ದೇವರು ಮೂರು, ತೂಕ ಒಂದು! ಎರಡು ವರ್ಷದೊಳಗೆ ಅದೇ ನೌಕಾಪಡೆ ಇಲ್ಲಿನ ಆಳುವವನನ್ನು ಸೆರೆಹಿಡಿದು ಚೀನಾಕ್ಕೆ ಒಯ್ದಿದ್ದು ಬೇರೆ ಮಾತು.

ದೇವಿನುವರದ ಆ ದೇಗುಲವನ್ನು ಪೋರ್ಚುಗೀಸರು 1588ರಲ್ಲಿ ಕೆಡವಿದರು. ಗುಡಿ ಹೋಯಿತು, ಕಾಣಿಕೆಯ ಲೆಕ್ಕ ಉಳಿಯಿತು. ಅದರಲ್ಲೂ ಪಾರಸಿ ಭಾಗ ಬಹಳ ಸವೆದಿದೆ. ಗಾಜಿನ ಈಚೆ ನಿಂತು ಎಷ್ಟು ಬಗ್ಗಿ ನೋಡಿದರೂ ನನಗೆ ಅಲ್ಲಿ ಸಾಲಿನ ಜಾಡೇ ಸಿಗಲಿಲ್ಲ.

ಕಲ್ಲನ್ನು ಅದರ ಜಾಗದಿಂದ ಕೀಳೋದು ಸರಿಯಾ ಅಂತ ಅನೇಕರು ಕೇಳ್ತಾರೆ. ನಮ್ಮ ಆತಕೂರು ಶಾಸನವನ್ನೇ ತಗೊಳ್ಳಿ. ಕ್ರಿ.ಶ. 949ರ ಹೊತ್ತಿನದು, ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮಾರಕ. ಈ ಕಲ್ಲನ್ನು ಪೂಜಿಸದೆ ಗೊರವ ಉಂಡರೆ ಪಾಪ ಅಂತ ಅದರಲ್ಲೇ ಬರೆದಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪೂಜೆ ತಪ್ಪಿತು, ನಿಜ. ಆದರೆ ಗಾಲೆಯ ಕಲ್ಲಿಗೆ ಕಾದಿದ್ದದ್ದು ಪೂಜೆ ಅಲ್ಲ, ಗಾಡಿಚಕ್ರ. ಹಾಗಾಗಿ ಎಲ್ಲ ಕಲ್ಲಿಗೂ ಒಂದೇ ನ್ಯಾಯ ಹೇಳೋಕೆ ನನಗೆ ಧೈರ್ಯ ಇಲ್ಲ. ಸ್ಥಳದಲ್ಲೇ ಕಾಯುವವರಿದ್ದರೆ ಸ್ಥಳದಲ್ಲಿರಲಿ, ಇಲ್ಲದಿದ್ದರೆ ಒಳಗೆ ಬರಲಿ. ಎಲ್ಲಿಂದ ಬಂತು ಅನ್ನೋದು ಮಾತ್ರ ಕಲ್ಲಿನ ಜೊತೆಗೇ ಬರಬೇಕು.

ಆ ಕಲ್ಲಿನ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದಕ್ಕೆ ಬೇರೆ ಕಾರಣವೂ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿ ರಸ್ತೆ ಅಗಲ ಮಾಡುವಾಗ ಹಳೇ ಮೋರಿಗಳನ್ನು ಕೀಳಿಸಿದ್ದೆ. ಉದ್ದುದ್ದ ಚಪ್ಪಡಿಗಳು. ಎಣಿಸಿದೆ, ಅಳತೆ ಪುಸ್ತಕದಲ್ಲಿ ಬರೆದೆ, ಜಲ್ಲಿ ಕ್ರಷರ್‌ಗೆ ಕಳಿಸಿದೆ. ಒಂದನ್ನೂ ಮಗುಚಿ ನೋಡಲಿಲ್ಲ. ಅವುಗಳ ಮೇಲೆ ಏನೂ ಇಲ್ಲದೆಯೂ ಇದ್ದಿರಬಹುದು. ಆದರೆ ಆ ‘ಬಹುದು’ ಈಗಲೂ ಚುಚ್ಚುತ್ತೆ.

ಓದುಗರಲ್ಲಿ ರಸ್ತೆ, ಕೆರೆ, ಕಾಲುವೆ ಕೆಲಸದವರು ಇದ್ದೇ ಇರ್ತೀರಿ. ಹಳೇ ಚಪ್ಪಡಿ ಎತ್ತಿಸುವಾಗ ಎರಡೂ ಮುಖ ನೀರು ಹಾಕಿ ತೊಳೆಸಿ, ಓರೆ ಬೆಳಕಿನಲ್ಲಿ ಒಮ್ಮೆ ನೋಡಿ. ಅಕ್ಷರ ಕಂಡರೆ ಫೋಟೋ ತೆಗೆದು ಜಾಗ ಗುರುತು ಹಾಕಿ ಪುರಾತತ್ವ ಇಲಾಖೆಗೆ ತಿಳಿಸಿ. ಲಿಪಿ ಓದೋಕೆ ಬರಬೇಕಾಗಿಲ್ಲ, ಮಗುಚಿ ನೋಡಿದರೆ ಸಾಕು.