ಪಿತ್ರಾರ್ಜಿತ ವ್ಯಾಪಾರವೂ ಹೆಸರಿನ ಬೆಲೆಯೂ

ಲೋಕದಲ್ಲಿ ಪಿತ್ರಾರ್ಜಿತವೆಂದರೆ ಹೊಲ, ಮನೆ, ಒಡವೆ, ದನಕರುಗಳೆಂದೇ ಸಾಮಾನ್ಯವಾಗಿ ಭಾವಿಸುವರು. ಇವುಗಳನ್ನು ಪಂಚರ ಸಮಕ್ಷಮದಲ್ಲಿ ಅಳೆದು, ಎಣಿಸಿ, ಪಾರೀಖತ್ತು ಬರೆಯಿಸಿ ಹಂಚಿಕೊಳ್ಳಬಹುದು. ಒಬ್ಬನು ಕಟ್ಟಿದ ವ್ಯಾಪಾರವು ಅನೇಕರ ಕೈಗೆ ಬಂದಾಗಲಾದರೋ, ಅಳತೆಗೆ ಸಿಕ್ಕದ ಒಂದು ವಸ್ತುವು ಅದರೊಡನೆ ಬರುವುದು. ಅದು ಯಾವುದೆಂಬುದನ್ನು ಹೊಗೆಸೊಪ್ಪಿನ ಒಂದು ವ್ಯಾಪಾರದ ಚರಿತ್ರೆಯಿಂದ ಇಲ್ಲಿ ವಿಚಾರಿಸತಕ್ಕದ್ದಾಗಿದೆ.

ಚುಂಚನಕಟ್ಟೆಯ ಸುತ್ತಣ ಸೀಮೆಯ ಸದ್ಭಕ್ತರಿಗೆ ಹೊಗೆಸೊಪ್ಪು ಅಪರಿಚಿತವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೈತರು ಬೆಳೆದು ಬ್ಯಾರನ್ನಿನ ಕಾವಿನಲ್ಲಿ ಹದಗೊಳಿಸುವ ವರ್ಜೀನಿಯಾ ಸೊಪ್ಪು ಸಿಗರೇಟಿಗೆ ಸಲ್ಲತಕ್ಕದ್ದು. 1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯು 1984ರಿಂದ ಕರ್ನಾಟಕದಲ್ಲಿ ಇದನ್ನು ಹರಾಜು ಕಟ್ಟೆಗಳಲ್ಲಿ ಮಾರಿಸುತ್ತ ಬಂದಿದೆ. ಬೀಡಿಗೆ ಸಲ್ಲುವ ಸೊಪ್ಪು ಬೇರೆ ಜಾತಿಯದು. ನಿಪ್ಪಾಣಿಯ ಸೀಮೆಯೂ ಗುಜರಾತೂ ಅದಕ್ಕೆ ಪ್ರಸಿದ್ಧವಾಗಿವೆ. ಪ್ರಕೃತ ಹೇಳತಕ್ಕ ಚರಿತ್ರೆಯು ಈ ಬೀಡಿಗೆ ಸಂಬಂಧಿಸಿದುದು.

1939ನೆಯ ಇಸವಿಯಲ್ಲಿ ಶ್ರೀ ಎಸ್. ರಘುರಾಮ ಪ್ರಭುಗಳೆಂಬುವರು ಏಕಸ್ವಾಮ್ಯದಲ್ಲಿ ಬೀಡಿಯ ವ್ಯಾಪಾರವನ್ನು ಆರಂಭಿಸಿದರು. ಮರುವರ್ಷ ಅದು ಪಾಲುದಾರಿಕೆಯಾಗಿ ‘ಮಂಗಳೂರು ಗಣೇಶ ಬೀಡಿ ವರ್ಕ್ಸ್’ ಎಂಬ ಹೆಸರನ್ನು ಪಡೆಯಿತು. ಗಣೇಶನ ಹೆಸರನ್ನು ಹೊತ್ತ ಆ ಬೀಡಿಯ ಕಟ್ಟುಗಳು ಕನ್ನಡನಾಡಿನ ಹಳ್ಳಿಹಳ್ಳಿಯ ಅಂಗಡಿಗಳನ್ನು ಸೇರಿದುವು. ಅಕ್ಷರವನ್ನರಿಯದ ಗಿರಾಕಿಯೂ ಕಟ್ಟಿನ ಮೇಲಣ ಚಿತ್ರವನ್ನು ನೋಡಿ ‘ಇದೇ ಬೇಕು’ ಎಂದು ಕೇಳುವಂತಾಗುವುದೇ ಇಂಥ ವ್ಯಾಪಾರದ ಮೂಲಬಲವು.

ಬೀಡಿಯ ವ್ಯಾಪಾರಕ್ಕೆ ದೊಡ್ಡ ಯಂತ್ರಶಾಲೆ ಬೇಕಿಲ್ಲ. ಗುತ್ತಿಗೆದಾರನು ಎಲೆ, ಸೊಪ್ಪು, ನೂಲುಗಳನ್ನು ಮನೆಮನೆಗೆ ಕೊಡುವನು. ಹೆಂಗಸರು ಅಡಿಗೆ, ಮಕ್ಕಳ ಆರೈಕೆಗಳ ನಡುವೆ ಎಲೆಯನ್ನು ಕತ್ತರಿಸಿ, ಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುವರು. ಕೂಲಿಯು ಸಾವಿರದ ಲೆಕ್ಕದಲ್ಲಿ ಸಲ್ಲುವುದು; ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಯ ಶ್ರಮವು ವ್ಯರ್ಥವಾಗುವುದು. ಹೀಗೆ ಸುತ್ತುವವಳಿಗೂ ಹೆಸರಿನ ಒಡೆಯನಿಗೂ ಮುಖಪರಿಚಯವೇ ಇರದು. ಇಂಥ ಕೆಲಸಗಾರರ ರಕ್ಷಣೆಗಾಗಿ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಹುಟ್ಟಿತು. ಗುತ್ತಿಗೆದಾರನ ಮೂಲಕ ಮಾಡಿಸಿದರೂ, ಮನೆಯಲ್ಲೇ ಕುಳಿತು ಸುತ್ತಿಸಿದರೂ, ಮಾಡಿಸಿದವನೇ ಹೊಣೆಗಾರನೆಂಬುದು ಅದರ ತಾತ್ಪರ್ಯವು. ಈ ಕಾನೂನಿನ ಸಿಂಧುತ್ವವನ್ನು ಪ್ರಶ್ನಿಸಿ ಬೀಡಿಯ ವರ್ತಕರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1974ರಲ್ಲಿ ಹೊರಬಿದ್ದ ಆ ತೀರ್ಪು ಗಣೇಶ ಬೀಡಿಯ ಹೆಸರಿನಲ್ಲಿಯೇ ಕಾನೂನಿನ ಗ್ರಂಥಗಳಲ್ಲಿ ನಿಂತಿದೆ. ನ್ಯಾಯಾಲಯವು ಕಾನೂನನ್ನು ಎತ್ತಿಹಿಡಿಯಿತು.

ಇತ್ತ ಪಾಲುದಾರಿಕೆಯು ಕಾಲಕಾಲಕ್ಕೆ ಪುನಾರಚಿತವಾಗುತ್ತ, 1982ರ ಕಡೆಯ ಕರಾರಿನ ಹೊತ್ತಿಗೆ ಪಾಲುದಾರರು 13 ಮಂದಿಯಾಗಿದ್ದರು. ಅವರೊಳಗೆ ಭಿನ್ನಾಭಿಪ್ರಾಯಗಳುಂಟಾಗಿ 1987ರ ಡಿಸೆಂಬರಿನಲ್ಲಿ ಸಂಸ್ಥೆಯು ವಿಸರ್ಜನೆ ಹೊಂದಿತು. ವ್ಯಾಜ್ಯವು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಸೊಪ್ಪಿನ ಮೂಟೆಗಳನ್ನೂ ಕಟ್ಟಡಗಳನ್ನೂ ಹದಿಮೂರು ಪಾಲು ಮಾಡಬಹುದು. ಗಣೇಶನ ಹೆಸರನ್ನು ಹದಿಮೂರು ತುಂಡು ಮಾಡುವುದೆಂತು? ಆದಕಾರಣ ನಡೆಯುತ್ತಿರುವ ವ್ಯಾಪಾರವನ್ನು ನಿಲ್ಲಿಸದೆ, ಅಖಂಡವಾಗಿ, ಪಾಲುದಾರರಲ್ಲಿಯೇ ಹೆಚ್ಚು ಬೆಲೆ ಕೂಗಿದವರಿಗೆ ಕೊಡತಕ್ಕದ್ದೆಂದು ನ್ಯಾಯಾಲಯವು 1991ರಲ್ಲಿ ಆಜ್ಞಾಪಿಸಿತು. ಕನಿಷ್ಠ ಬೆಲೆ 30 ಕೋಟಿ ರೂಪಾಯಿ. 1994ರಲ್ಲಿ ಮೂವರು ಕೂಡಿ 92 ಕೋಟಿಗೆ ಕೂಗಿ ಅದನ್ನು ಪಡೆದರು. ಕೈಯಲ್ಲಿದ್ದ ಸ್ವತ್ತನ್ನೇ ತಮ್ಮವರಿಂದ ಬೆಲೆ ಕೊಟ್ಟು ಕೊಂಡುಕೊಳ್ಳಬೇಕಾಗಿ ಬಂದುದು ಆಲೋಚಿಸತಕ್ಕ ವಿಷಯವು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಕೊಟ್ಟ ಹಣದಲ್ಲಿ ವ್ಯಾಪಾರಮುದ್ರೆ ಮೊದಲಾದ ಹಕ್ಕುಗಳ ಬೆಲೆಯೆಷ್ಟು, ತೆರಿಗೆಯ ಲೆಕ್ಕದಲ್ಲಿ ಅದಕ್ಕೆ ವಿನಾಯಿತಿಯುಂಟೇ ಎಂಬ ವಿವಾದವು ಮೈಸೂರಿನ ಆದಾಯ ತೆರಿಗೆಯ ಕಮಿಷನರರೊಡನೆ ಹುಟ್ಟಿತು. 2015ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವ್ಯಾಪಾರಸ್ಥರ ಪರವಾಗಿ ತೀರ್ಪಿತ್ತು, ಮುದ್ರೆಯೂ ಬೆಲೆಯುಳ್ಳ ಸ್ವತ್ತೇ ಎಂದು ಅಂಗೀಕರಿಸಿತು. ಕಣ್ಣಿಗೆ ಕಾಣುವ ಮೂಟೆಗಿಂತ ಕಾಣದ ಹೆಸರೇ ಬಾಳುವುದೆಂಬುದು ಇದರಿಂದ ವ್ಯಕ್ತವಾಗುವುದು.

ಈ ಹೆಸರಿಗೆ ಬೆಲೆ ಬಂದುದು ಯಾರಿಂದ? ಆರಂಭಿಸಿದವರ ಸಾಹಸವು ನಿಜವೇ. ಆದರೆ ಈ ಕಟ್ಟಿನ ಬೀಡಿಯು ಆ ಕಟ್ಟಿನಂತೆಯೇ ಇರುವುದೆಂದು ಗಿರಾಕಿಯು ನಂಬಿದುದು, ಕಾಣದ ಸಾವಿರಾರು ಬೆರಳುಗಳು ಹದ ತಪ್ಪದೆ ಸುತ್ತಿದುದರಿಂದ. ಕಾನೂನಿನಂತೆ ಹೆಸರು ಪಾಲುದಾರರ ಸ್ವತ್ತು, ಅದರಲ್ಲಿ ಸಂಶಯವಿಲ್ಲ. ಕಾಯಕವನ್ನು ಮನ್ನಿಸುವ ನಮ್ಮವರಿಗೆ ಮಾತ್ರ ಇಷ್ಟು ವಿಚಾರವು ಉಳಿಯುವುದು: ಸ್ವತ್ತಿಗೆ ಬಾಧ್ಯನಾದವನು ಅದರೊಡನೆ ಬಂದ ಋಣಕ್ಕೂ ಬಾಧ್ಯನು. 1974ರ ತೀರ್ಪಿನ ಸಾರವನ್ನೂ ಹೀಗೆಯೇ ಗ್ರಹಿಸಬಹುದು.

ಹೊಗೆಸೊಪ್ಪು ದೇಹಕ್ಕೆ ಹಿತವಲ್ಲವೆಂಬುದು ಈಗ ವೈದ್ಯಶಾಸ್ತ್ರದಿಂದ ಸ್ಥಿರಪಟ್ಟಿದೆ. 2003ರ ಕಾನೂನು ಕಟ್ಟಿನ ಮೇಲೆಯೇ ಎಚ್ಚರಿಕೆಯನ್ನು ಅಚ್ಚುಮಾಡಿಸಿದೆ. ಆದರೂ ಹೊಲದಲ್ಲಿ ಬೆಳೆವವರ, ಜಗುಲಿಯಲ್ಲಿ ಸುತ್ತುವವರ ಅನ್ನವು ಇದರಲ್ಲಿಯೇ ಇದೆ. ಬಾಧ್ಯರಾದವರ ಋಣದಲ್ಲಿ ಇದೂ ಒಂದು: ಮುಂದೊಂದು ದಿನ ಈ ಬೆಳೆಯನ್ನು ಬಿಡಬೇಕಾಗಿ ಬಂದರೆ ಆ ಕೈಗಳಿಗೆ ಬೇರೆ ಕೆಲಸವೇನೆಂದು ಮೊದಲೇ ಯೋಚಿಸುವುದು.

ನಮ್ಮ ಸೀಮೆಯ ಮನೆಗಳಲ್ಲಿಯೂ ಅಣ್ಣತಮ್ಮಂದಿರು ಬೇರೆಯಾಗುವ ಕಾಲ ಬರುತ್ತದೆ. ಹೊಲವನ್ನು ಹಗ್ಗ ಹಿಡಿದು ಅಳೆಯಬಹುದು. ಒಂದೇ ಬ್ಯಾರನ್ನನ್ನು ಇಬ್ಬರಿಗೆ ಸೀಳಲಾಗದು. ಹಾಗೆಯೇ ಹಿರಿಯರು ಗಳಿಸಿದ ಮಾತಿನ ನಂಬಿಕೆಯನ್ನೂ, ಸೊಪ್ಪು ಮುರಿಯಲು ಬರುವ ಆಳುಗಳ ವಿಶ್ವಾಸವನ್ನೂ ಸೀಳಲಾಗದು. ಪಾರೀಖತ್ತು ಬರೆಯುವ ಮುನ್ನ ಅದನ್ನು ಹೊರುವವರು ಯಾರೆಂದು ಕೂಡಿ ಕುಳಿತು ನಿರ್ಣಯಿಸುವುದು ಮನೆಗೆ ಶ್ರೇಯಸ್ಕರವು.