ನಿಧಿ ಶೋಧ: ಯಂತ್ರ ಹೇಳುವುದೇನು, ಕಾಯ್ದೆ ಕೇಳುವುದೇನು?

ಚನ್ನರಾಯನದುರ್ಗ: ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವು ಮಧುಗಿರಿ ಪಾಳೆಯಗಾರರ ಕಾಲದ ಗಿರಿದುರ್ಗ. ಮಧುಗಿರಿಯ ಗೌಡ ಮನೆತನದಿಂದ ಮೈಸೂರಿನ ಒಡೆಯರ ವಶವಾದ ಈ ಕೋಟೆ, ಮುಂದೆ ಮರಾಠರು ಹಾಗೂ ಮೈಸೂರಿನ ನಡುವಿನ ಯುದ್ಧಗಳಲ್ಲಿ ಹಲವು ಬಾರಿ ಕೈ ಬದಲಿಸಿತು. ಇಂತಹ ಕೋಟೆಗಳಿರುವೆಡೆಯೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಮುತ್ತಿಗೆಯ ದಿನ ಪಾಳೆಯಗಾರ ಹೊನ್ನಿನ ಕೊಪ್ಪರಿಗೆಯನ್ನು ಹೂತಿಟ್ಟು ಹೋದನು ಎಂಬುದು. ಹಿಂದೆ ಈ ಮಾತನ್ನು ನಂಬಿದವರು ಅಂಜನ ಹಾಕಿಸುತ್ತಿದ್ದರು. ಈಗ ಅದರ ಜೊತೆಗೆ ಮೆಟಲ್ ಡಿಟೆಕ್ಟರ್ ಸೇರಿಕೊಂಡಿದೆ.

ಯಂತ್ರದ ಮಿತಿ

ಮೆಟಲ್ ಡಿಟೆಕ್ಟರ್ ಎಂದರೆ ತಂತಿಯ ಸುರುಳಿಯಿಂದ ವಿದ್ಯುತ್ಕಾಂತ ಕ್ಷೇತ್ರವನ್ನು ನೆಲಕ್ಕೆ ಹಾಯಿಸುವ ಉಪಕರಣ. ನೆಲದೊಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ, ಪ್ರತಿಕ್ಷೇತ್ರ ಉಂಟಾಗುತ್ತದೆ. ಅದನ್ನು ಗ್ರಹಿಸಿದ ಯಂತ್ರ ಸದ್ದು ಮಾಡುತ್ತದೆ. ದೂರವಾಣಿಯ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್, 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ದೇಹದಲ್ಲಿದ್ದ ಗುಂಡನ್ನು ಪತ್ತೆಮಾಡಲು ಇದೇ ತತ್ವದ ಯಂತ್ರ ಬಳಸಿ ವಿಫಲರಾಗಿದ್ದರು. ಎರಡನೇ ಮಹಾಯುದ್ಧದಲ್ಲಿ ನೆಲಬಾಂಬ್ ಪತ್ತೆಗೆ ಇದು ವ್ಯಾಪಕವಾಗಿ ಬಳಕೆಗೆ ಬಂತು.

ಸಾಮಾನ್ಯ ಡಿಟೆಕ್ಟರ್ ಒಂಟಿ ನಾಣ್ಯವನ್ನು ಗುರುತಿಸಬಲ್ಲದ್ದು ಗೇಣುದ್ದದ ಆಸುಪಾಸಿನ ಆಳದವರೆಗೆ ಮಾತ್ರ. ಕಬ್ಬಿಣಾಂಶವುಳ್ಳ ಮಣ್ಣಿನಲ್ಲಿ ಮಣ್ಣೇ ಸುಳ್ಳು ಸಂಕೇತ ಕೊಡುವುದುಂಟು. ಸದ್ದು ಕೇಳಿ ಅಗೆದವರಿಗೆ ಹೆಚ್ಚಾಗಿ ಸಿಗುವುದು ಮೊಳೆ, ಲಾಳ, ಬಾಟಲಿ ಮುಚ್ಚಳ. ಮೈಲಿ ದೂರದ ಚಿನ್ನವನ್ನೂ ತೋರಿಸುತ್ತದೆಂದು ಮಾರುವ ಕಡ್ಡಿಯಂತಹ ಉಪಕರಣಗಳಿಗೆ ವೈಜ್ಞಾನಿಕ ಆಧಾರವೇ ಇಲ್ಲ. ಇದೇ ಬಗೆಯ ನಕಲಿ ಯಂತ್ರಗಳನ್ನು ಬಾಂಬ್ ಶೋಧಕಗಳೆಂದು ಇರಾಕ್ ಮೊದಲಾದ ದೇಶಗಳಿಗೆ ಮಾರಿದ ವ್ಯಾಪಾರಿಗೆ ಬ್ರಿಟನ್ನಿನ ನ್ಯಾಯಾಲಯ 2013ರಲ್ಲಿ 10 ವರ್ಷಗಳ ಜೈಲು ಶಿಕ್ಷೆ ವಿಧಿಸಿತು.

ಕಲ್ಲಿನ ಗುರುತು, ತಪ್ಪು ಓದು

ನಿಧಿಗಳ್ಳರು ಯಂತ್ರಕ್ಕಿಂತ ಹೆಚ್ಚಾಗಿ ನಂಬುವುದು ಕಲ್ಲಿನ ಮೇಲಿನ ಗುರುತುಗಳನ್ನು. ಸೂರ್ಯ, ಚಂದ್ರ, ಲಿಂಗ ಅಥವಾ ಹಸು-ಕರುವಿನ ಚಿತ್ರವಿರುವ ಕಲ್ಲಿನ ಬುಡದಲ್ಲಿ ಹಣವಿದೆ ಎಂಬುದು ಅವರ ಲೆಕ್ಕ. ವಾಸ್ತವವಾಗಿ ಇವು ದಾನಶಾಸನದ ಚಿಹ್ನೆಗಳು. ಸೂರ್ಯ ಚಂದ್ರರಿರುವವರೆಗೆ ದಾನ ಉಳಿಯಲಿ ಎಂಬುದಷ್ಟೇ ಅವುಗಳ ಅರ್ಥ. ಹಲವು ದಾನಶಾಸನಗಳಲ್ಲಿ ಭೂಮಿಯ ಅಷ್ಟಭೋಗಗಳನ್ನು ಹೇಳುವಾಗ ‘ನಿಧಿ, ನಿಕ್ಷೇಪ’ ಎಂಬ ಪದಗಳು ಬರುವುದುಂಟು. ಅದು ಹಕ್ಕಿನ ಪಟ್ಟಿಯೇ ಹೊರತು ಹೂತಿಟ್ಟ ಜಾಗದ ಸುಳಿವಲ್ಲ.

ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟವಾಗಿ ಪ್ರಕಟಿಸಿದರು. ಮಧುಗಿರಿ, ಶಿರಾ, ಪಾವಗಡ ಸೀಮೆಯ ನೊಳಂಬರ, ನಿಡುಗಲ್ಲು ಚೋಳರ ಚರಿತ್ರೆಗೆ ಇಂತಹ ಕಲ್ಲುಗಳೇ ಮುಖ್ಯ ಆಧಾರ. ಗುದ್ದಲಿ ಬಿದ್ದು ಒಡೆದ ಕಲ್ಲಿನೊಡನೆ ಒಂದು ಊರಿನ ದಾಖಲೆಯೂ ಹೋಗುತ್ತದೆ.

ಹಾನಿಗೆ ದೊಡ್ಡ ಉದಾಹರಣೆ ಕೊಪ್ಪಳ ಜಿಲ್ಲೆಯ ಆನೆಗೊಂದಿಯದು. ಅಲ್ಲಿನ ನವಬೃಂದಾವನ ನಡುಗಡ್ಡೆಯಲ್ಲಿದ್ದ ವ್ಯಾಸರಾಜತೀರ್ಥರ ಬೃಂದಾವನವನ್ನು 2019ರ ಜುಲೈನಲ್ಲಿ ನಿಧಿಯಾಸೆಗೆ ರಾತ್ರೋರಾತ್ರಿ ಕೆಡವಲಾಯಿತು. ಭಕ್ತರು ಅದನ್ನು ಕೆಲವೇ ದಿನಗಳಲ್ಲಿ ಮರಳಿ ನಿಲ್ಲಿಸಿದರು. ಊರಾಚೆಯ ಬೆಟ್ಟದ ಪಾಳುಗುಡಿಗಳಿಗೆ ಅಂತಹ ಭಕ್ತಸಮೂಹ ಇರುವುದಿಲ್ಲ ಎಂಬುದು ಗಮನಾರ್ಹ.

ನಾಣ್ಯಕ್ಕೆ ನೆಲೆಯೇ ಬೆಲೆ

ವಿಜಯನಗರದ ವರಾಹ, ಕಂಠೀರವ ನರಸರಾಜ ಒಡೆಯರ ಕಾಲದ ಪುಟಾಣಿ ಚಿನ್ನದ ಹಣ, ಆನೆಯ ಚಿತ್ರವಿರುವ ಟಿಪ್ಪುವಿನ ತಾಮ್ರದ ಕಾಸು - ಇವು ಹಳೆಯ ಮೈಸೂರು ಸೀಮೆಯಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳು. ಚಿನಿವಾರರ ಅಂಗಡಿಯಲ್ಲಿ ಇವುಗಳಿಗೆ ತೂಕದ ಬೆಲೆ. ಇತಿಹಾಸಕಾರರಿಗೆ ನಾಣ್ಯದಷ್ಟೇ ಅದು ಬಿದ್ದಿದ್ದ ಸ್ಥಳವೂ ಮುಖ್ಯ.

ಇದಕ್ಕೆ ನಿದರ್ಶನ ಶಿರಾದಾಚೆಯ ಚಿತ್ರದುರ್ಗದಲ್ಲಿಯೇ ಇದೆ. ಅಲ್ಲಿನ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ 1929ರಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಶಾತವಾಹನರ ಕಾಲದ ಮಣ್ಣಿನ ಪದರಗಳಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ದೊರೆಯಿತು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹೀಗಾಗಿ ಆ ಪದರದ ಮಡಕೆ ಚೂರುಗಳಿಗೂ ಕಾಲ ನಿರ್ಣಯ ಸಾಧ್ಯವಾಯಿತು. ಯಾರೋ ರಾತ್ರಿ ಕಿತ್ತು ಸಂತೆಯಲ್ಲಿ ಮಾರಿದ್ದರೆ ಅದೇ ನಾಣ್ಯ ಕೆಲವು ಗ್ರಾಂ ಬೆಳ್ಳಿಯಷ್ಟೇ ಆಗುತ್ತಿತ್ತು. ಕದಡಿದ ಪದರವನ್ನು ಮತ್ತೆ ಹಾಸಲು ಬರುವುದಿಲ್ಲ.

ಕಾಯ್ದೆ ಏನೆನ್ನುತ್ತದೆ?

ನೆಲದಲ್ಲಿ ಸಿಕ್ಕ ನಿಧಿಯನ್ನು ಸಿಕ್ಕವನು ಮುಚ್ಚಿಡುವಂತಿಲ್ಲ. ಬ್ರಿಟಿಷರ ಕಾಲದ 1878ರ ‘ಟ್ರೆಷರ್ ಟ್ರೋವ್’ ಕಾಯ್ದೆಯು ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ಲಿಖಿತ ಮಾಹಿತಿ ಕೊಡಬೇಕೆಂದಿತ್ತು. ತಪ್ಪಿದವರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ನಿಗದಿಪಡಿಸಿತ್ತು. ಕರ್ನಾಟಕವು 1962ರಲ್ಲಿ ಇದೇ ವಿಷಯಕ್ಕೆ ತನ್ನದೇ ಕಾಯ್ದೆ ರೂಪಿಸಿಕೊಂಡಿದೆ. ಜಮೀನಿನ ಕ್ರಯಪತ್ರದಲ್ಲಿ ‘ನಿಧಿ ನಿಕ್ಷೇಪ’ ಎಂದು ಬರೆದಿದ್ದ ಮಾತ್ರಕ್ಕೆ ಮಾಹಿತಿ ನೀಡುವ ಹೊಣೆ ತಪ್ಪುವುದಿಲ್ಲ.

ಸಂರಕ್ಷಿತ ಸ್ಮಾರಕಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಮಧುಗಿರಿಯ ಕೋಟೆ, ಶಿರಾದ ಮಲಿಕ್ ರಿಹಾನ್ ಗೋರಿ ಮತ್ತು ಜುಮ್ಮಾ ಮಸೀದಿ ಕೇಂದ್ರ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿವೆ. ಇಂತಹ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಕಾಯ್ದೆಯ 2010ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ರಾಜ್ಯದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಅನ್ವಯಿಸುತ್ತದೆ. ನೂರು ವರ್ಷ ಮೀರಿದ ನಾಣ್ಯ, ವಿಗ್ರಹಗಳು 1972ರ ಪುರಾತನ ವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ಬ್ರಿಟನ್ನಿನ ಮಾದರಿ

ಇಂಗ್ಲೆಂಡಿನಲ್ಲಿ ಡಿಟೆಕ್ಟರ್ ಹಿಡಿದು ಹೊಲ ಸುತ್ತುವುದು ಒಂದು ಹವ್ಯಾಸ. ಜಮೀನಿನ ಮಾಲೀಕರ ಒಪ್ಪಿಗೆ ಬೇಕು, ಸಂರಕ್ಷಿತ ಸ್ಥಳಗಳಿಗೆ ಅನುಮತಿಯಿಲ್ಲದೆ ಡಿಟೆಕ್ಟರ್ ಒಯ್ಯುವಂತಿಲ್ಲ, 1996ರ ಕಾಯ್ದೆಯಂತೆ ನಿಧಿ ಸಿಕ್ಕರೆ 14 ದಿನಗಳಲ್ಲಿ ತಿಳಿಸಬೇಕು. 2009ರಲ್ಲಿ ಸ್ಟಾಫರ್ಡ್‌ಷೈರ್‌ನ ಹೊಲವೊಂದರಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ಭಾರಿ ಚಿನ್ನದ ನಿಧಿ ಪತ್ತೆಯಾದಾಗ, ಅದರ ಮೌಲ್ಯ 32.85 ಲಕ್ಷ ಪೌಂಡ್ ಎಂದು ನಿರ್ಧರಿಸಿ, ಹುಡುಕಿದವನಿಗೂ ಜಮೀನಿನವನಿಗೂ ಹಂಚಲಾಯಿತು. ನಿಧಿ ವಸ್ತುಸಂಗ್ರಹಾಲಯ ಸೇರಿತು.

ಪ್ರಾಮಾಣಿಕತೆಯ ನಿದರ್ಶನ ನಮ್ಮಲ್ಲಿಯೂ ಇದೆ. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ 2026ರ ಜನವರಿಯಲ್ಲಿ ಮನೆಯ ಪಾಯ ತೆಗೆಯುವಾಗ ಚಿನ್ನದ ಆಭರಣಗಳು ಸಿಕ್ಕಾಗ, ಆ ಕುಟುಂಬವು ಅವನ್ನು ಅಧಿಕಾರಿಗಳಿಗೆ ಒಪ್ಪಿಸಿತು.

ಸಿಕ್ಕರೆ ಏನು ಮಾಡಬೇಕು?

ಉಳುವಾಗಲೋ ಪಾಯ ತೋಡುವಾಗಲೋ ಹಳೆಯ ನಾಣ್ಯ, ವಿಗ್ರಹ, ಬರಹವಿರುವ ಕಲ್ಲು ಕಂಡರೆ ಅಗೆತ ನಿಲ್ಲಿಸಬೇಕು. ವಸ್ತುವನ್ನು ತೊಳೆಯುವುದಾಗಲಿ, ಉಜ್ಜುವುದಾಗಲಿ, ಹಂಚಿಕೊಳ್ಳುವುದಾಗಲಿ ಕೂಡದು. ಸಿಕ್ಕ ಜಾಗ ಮತ್ತು ಆಳವನ್ನು ಗುರುತು ಮಾಡಿ, ಸಾಧ್ಯವಾದರೆ ಛಾಯಾಚಿತ್ರ ತೆಗೆದಿಡಬೇಕು. ಬಳಿಕ ಗ್ರಾಮ ಆಡಳಿತ ಅಧಿಕಾರಿ, ತಹಶೀಲ್ದಾರ್ ಅಥವಾ ಸಮೀಪದ ಪೊಲೀಸ್ ಠಾಣೆಯ ಮೂಲಕ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಬೇಕು. ಕೋಟೆ, ಗುಡಿಗಳ ಬಳಿ ಹೊಸ ಗುಂಡಿ ಕಂಡರೂ ಠಾಣೆಗೆ ಸುದ್ದಿ ಮುಟ್ಟಿಸಬಹುದು. ಗುಂಡಿ ಆಳಕ್ಕಿಳಿಯುವ ಮೊದಲು ಬಂದ ಸುದ್ದಿಯೇ ಸ್ಮಾರಕವನ್ನು ಉಳಿಸುತ್ತದೆ.